ಮೊರೇರ ಗುಡ್ಡಕ್ಕೆ ಬುತ್ತಿ ಕಟ್ಟಿಕೊಂಡು

ಕಾರಟಗಿ ಸುತ್ತಮುತ್ತ ನೆಲವೆಲ್ಲ ಸಪಾಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತದ ಗದ್ದೆ, ನಡುನಡುವೆ ಅಕ್ಕಿ ಗಿರಣಿಗಳ ಚಿಮಣಿ. ಗುಡ್ಡ ಹತ್ತುವ ಆಸೆಯಾದರೆ ಗಂಗಾವತಿ ಕಡೆಗೇ ಹೋಗಬೇಕು. ಹಾಗೆ ಹೋದವರು ಸಾಮಾನ್ಯವಾಗಿ ಆನೆಗೊಂದಿಯ ಹತ್ತಿರದ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಹನುಮಪ್ಪನಿಗೆ ಕೈಮುಗಿದು ಬರುತ್ತಾರೆ. ಮೇಲಿನಿಂದ ಹೊಳೆ, ಬಾಳೆತೋಟ, ದೂರದ ಹಂಪಿ ಚೆಂದವೇ. ಆದರೆ ಶನಿವಾರ ಹೋದರೆ ಮುಂದೆ ಹತ್ತುತ್ತಿರುವವರ ಬೆನ್ನೇ ಹೆಚ್ಚು ಕಾಣುತ್ತದೆ!

ಗದ್ದಲ ಬೇಡವೆನ್ನುವವರು ಹಿರೇಬೆಣಕಲ್‌ಗೆ ಬನ್ನಿ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು ದೂರ. ಅಲ್ಲಿನ ಏಳು ಗುಡ್ಡಗಳ ಸಾಲಿನಲ್ಲಿ ಒಂದರ ಹೆಸರು ಮೊರೇರ ಗುಡ್ಡ. ಮೆಟ್ಟಿಲಿಲ್ಲ, ಅಂಗಡಿಯಿಲ್ಲ, ನೆರಳೂ ಕಡಿಮೆ. ಬಂಡೆಗಳ ಸಂದಿಯ ಕಾಲುದಾರಿಯೇ ಗತಿ. ಕವಲು ದಾರಿಗಳು ಮೋಸ ಮಾಡುತ್ತವೆ, ಆದ್ದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು.

ನಮ್ಮ ಜೊತೆ ಬಂದ ಹಿರಿಯರು ಹಾದಿಯುದ್ದಕ್ಕೂ ಕಥೆ ಹೇಳಿದರು. "ಮೊರೇರು ಅಂದ್ರ ಗಿಡ್ಡ ಮಂದಿ. ಮೂರಡಿ ಇದ್ರಂತ. ಆದ್ರ ಇಂಥಾ ಬಂಡಿ ಎತ್ತಿ ಮನಿ ಕಟ್ಟ್ಯಾರ ನೋಡ್ರಿ." ನಮ್ಮ ಹುಡುಗಿ ಕೂಡಲೇ ಕೇಳಿದಳು: "ಅಜ್ಜಾ, ಗಿಡ್ಡ ಇದ್ದವರು ಅಷ್ಟೆತ್ತರದ ಮನಿ ಯಾಕ ಕಟ್ಟಿದ್ರು?" ಅಜ್ಜ ನಕ್ಕು, "ಮ್ಯಾಲೆ ಬಾ, ನೀನ ನೋಡವಾ" ಎಂದರು.

ಮೇಲೆ ಬಂದಾಗ ಅವಳ ಪ್ರಶ್ನೆ ಸರಿಯೆನಿಸಿತು. ಚಪ್ಪಟೆ ಕಲ್ಲುಹಾಸುಗಳನ್ನು ಮೂರು ಕಡೆ, ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೊದಿಸಿದ ಕೋಣೆಗಳು. ಗಾರೆಯಿಲ್ಲ, ಸುಣ್ಣವಿಲ್ಲ. ಕೆಲವು ದೊಡ್ಡವರ ತಲೆಗಿಂತ ಎತ್ತರ. ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಚಿಕ್ಕವು, ದೊಡ್ಡವು, ಕುಸಿದವು ಎಲ್ಲ ಸೇರಿ ಸುಮಾರು 400 ಇವೆ.

ಇವು ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದ ಕಲ್ಗೋರಿಗಳು ಎನ್ನುತ್ತಾರೆ ಪುರಾತತ್ವಜ್ಞರು. ಕಬ್ಬಿಣ ಬಳಸಲು ಕಲಿತಿದ್ದ ಜನರ ಕೆಲಸ. ಎರಡು ಸಾವಿರ ವರ್ಷಕ್ಕೂ ಹಿಂದಿನದು. ಹಂಪಿಯ ಅರಮನೆಗಳೆಲ್ಲ ಇವುಗಳ ಮುಂದೆ ನಿನ್ನೆ ಮೊನ್ನೆಯವು. ಕಿಂಡಿ ಯಾಕೆ? ಜೀವ ಹೋಗಿಬರಲಿಕ್ಕೆ ಎನ್ನುವವರಿದ್ದಾರೆ, ಎಡೆ ಇಡಲಿಕ್ಕೆ ಎನ್ನುವವರಿದ್ದಾರೆ. ಕಟ್ಟಿದವರು ಬರೆದಿಟ್ಟಿಲ್ಲ. ಮಕ್ಕಳಿಗೆ ಒಂದೊಂದು ಉತ್ತರ ಯೋಚಿಸಲು ಹೇಳಿ, ಬುತ್ತಿ ಬಿಚ್ಚುವ ಹೊತ್ತಿಗೆ ಒಳ್ಳೆಯ ಜಗಳ ಸಿಗುತ್ತದೆ.

ಕಲ್ಲು ಎಲ್ಲಿಂದ ಬಂತು ಎಂಬುದಕ್ಕೆ ಮಾತ್ರ ಉತ್ತರ ಅಲ್ಲೇ ಇದೆ. ಗುಡ್ಡದ ಮೇಲೊಂದು ನೀರಿನ ಹೊಂಡವಿದೆಯಲ್ಲ, ಅದರ ಸುತ್ತಲೇ ಕಲ್ಲು ಎಬ್ಬಿಸಿದ್ದಾರೆ. ಈ ಬಂಡೆ ಬಿಸಿಲು ಚಳಿಗೆ ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತದೆ. ಆ ಗುಟ್ಟು ಅವರಿಗೆ ತಿಳಿದಿತ್ತು. ದಾರಿಯ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ, ಮನುಷ್ಯರು, ಪ್ರಾಣಿಗಳು.

ಇನ್ನೊಂದು ಸೋಜಿಗ ನಗಾರಿ ಕಲ್ಲು. ಸುಮಾರು 10 ಮೀಟರ್ ಎತ್ತರದ ಗುಂಡಿನ ಮೇಲೆ ಕುಳಿತ ನಗಾರಿಯಾಕಾರದ ಬಂಡೆ. ಬಡಿದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದಂತೆ. ಮಕ್ಕಳು ಹತ್ತುವುದು ಬೇಡ. ಕಲ್ಲಿನಿಂದ ಬಡಿಯುವುದು ಯಾರಿಗೂ ಬೇಡ, ಪೆಟ್ಟಿಗೊಂದು ಚಕ್ಕೆ ಎದ್ದರೆ ಮತ್ತೆ ಅಂಟಿಸುವವರು ಯಾರು?

ಕುಸಿದ ಕೋಣೆಗಳೆಲ್ಲ ತಾವಾಗಿ ಕುಸಿದವಲ್ಲ. ನಿಧಿಯ ಆಸೆಗೆ ಅಗೆದವರಿದ್ದಾರೆ. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ತಾಣದ ಹೆಸರು ಸೇರಿದೆ. ಒಂದು ಕಲ್ಲುಹಾಸಿಗೆ ಆತುಕೊಂಡು ಫೋಟೊಗೆ ನಿಂತ ಹುಡುಗರನ್ನು ಅಜ್ಜ ಗದರಿದರು: "ಏ ತಮ್ಮಾ, ಬರೇ ಒಂದರ ಮ್ಯಾಲೊಂದು ಆನಿಸಿ ನಿಲ್ಲಿಸ್ಯಾರ. ನಿನ್ನ ಭಾರಕ್ಕ ಬಿತ್ತಂದ್ರ?" ಹುಡುಗರು ದೂರ ಸರಿದರು. ಫೋಟೊ ಹಾಗೂ ಚೆನ್ನಾಗಿಯೇ ಬಂತು.

ನವೆಂಬರಿನಿಂದ ಫೆಬ್ರವರಿವರೆಗೆ ಹೊರಡಿ. ಬೇಸಿಗೆಯಲ್ಲಿ ಬಂಡೆ ಕಾದ ಹಂಚು. ನಸುಕಿನಲ್ಲೇ ಹತ್ತಲು ಶುರುಮಾಡಿ. ತಲೆಗೆ ಎರಡು ಲೀಟರ್ ನೀರು, ಹಿಡಿತವಿರುವ ಬೂಟು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ಕರಡಿ, ಚಿರತೆ ಓಡಾಡುವ ಸೀಮೆ ಇದು, ಗುಂಪು ಬಿಟ್ಟು ಹೋಗಬೇಡಿ, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ. ಗಂಗಾವತಿಯಲ್ಲಿ ಬಿಸಿ ಮಿರ್ಚಿ, ಮಂಡಾಳ ಒಗ್ಗರಣೆ ಕಾದಿರುತ್ತದೆ.