ಹೆಬ್ಬಾಳದ ಕಿತ್ತಯ್ಯ

ಬೆಂಗಳೂರಿನ ಕತೆ ಕೆಂಪೇಗೌಡರಿಂದ ಶುರು ಅಂತ ನಾವೆಲ್ಲ ಓದಿಕೊಂಡು ಬಂದಿದ್ದೀವಿ. ನನಗೆ ಮಾತ್ರ ಈಗೀಗ ಈ ಊರು ಅಂದ್ರೆ ಮೊದಲು ನೆನಪಾಗೋದು ಕಿತ್ತಯ್ಯ.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯವರು ದಂಡೆತ್ತಿ ಬಂದಾಗ ಎದುರು ನಿಂತು ಹೋರಾಡಿ ಸತ್ತವನು ಈ ಕಿತ್ತಯ್ಯ. ರಾಜನಲ್ಲ. ಅವನ ಬಗ್ಗೆ ಹೇಳೋಕೆ ಇರೋದು ಈ ಕಲ್ಲೊಂದೇ.

ಊರಿನ ಆ ತುದಿಗೆ, ಬೇಗೂರಿಗೆ ಹೋಗಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನವೊಂದಿದೆ. ‘ಬೆಂಗಳೂರು’ ಅನ್ನೋ ಹೆಸರು ಸಿಗುವ ಅತಿ ಹಳೆಯ ಬರಹ ಅದು. ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ನೆನಪಿಗೆ ಕೆತ್ತಿಸಿದ್ದು. ಅಂದರೆ, ನಾವು ದಿನಾ ಅಡ್ರೆಸ್ಸಿನಲ್ಲಿ ಬರೆಯೋ ಈ ಹೆಸರು ಇಷ್ಟು ದೂರ ಬಂದಿರೋದು ಯಾರೋ ಒಬ್ಬರ ಸಾವನ್ನು ಮರೆಯಬಾರದು ಅಂತ ಇನ್ಯಾರಿಗೋ ಅನ್ನಿಸಿದ್ದರಿಂದ.

ಹಂಪಿ, ಬಾದಾಮಿಗೆ ಕಾವಲುಗಾರರಿದ್ದಾರೆ, ಟಿಕೆಟ್ ಇದೆ. ಇಂಥ ಒಂಟಿ ಕಲ್ಲುಗಳಿಗೆ ಇರೋದು ಅಕ್ಕಪಕ್ಕದವರು ಮಾತ್ರ. ಈ ಊರಲ್ಲಿ ದಿನಾ ಎಲ್ಲೋ ಒಂದು ಕಡೆ ಜೆಸಿಬಿ ಅಗೀತಾನೇ ಇರುತ್ತೆ. ಕಲ್ಲು ಮೇಲೆ ಬಂದಾಗ ಒಬ್ಬರಾದರೂ ಬಗ್ಗಿ ನೋಡದಿದ್ರೆ ಅದು ಚಪ್ಪಡಿಯಾಗುತ್ತೆ, ಇಲ್ಲಾ ಪಾಯದ ಕೆಳಗೆ ಸೇರುತ್ತೆ. ಹೆಬ್ಬಾಳದಲ್ಲಿ ಜನ ಬಗ್ಗಿ ನೋಡಿದರು, ಓದಿಸಿದರು, ಕಿತ್ತಯ್ಯನಿಗೊಂದು ಮಂಟಪವನ್ನೂ ಕಟ್ಟಿಸಿದರು.

ಸಂಜೆ ಫ್ಲೈಓವರ್ ಮೇಲೆ ಕ್ಯಾಬ್ ನಿಂತಾಗ, ಈ ಊರಿಗೋಸ್ಕರ ಇಲ್ಲೇ ಜೀವ ಕೊಟ್ಟವನು ಹತ್ತಿರದಲ್ಲೇ ಇದ್ದಾನೆ ಅನ್ನೋದು ನೆನಪಾಗುತ್ತೆ. ನಮ್ಮ ಏರಿಯಾದ ಕಲ್ಲು ಯಾವುದು?