ಖಾಲಿ ಥಿಯೇಟರಿನ ಪಾರ್ಸಿಫಾಲ್

ಇಲ್ಲಿ ಏನೂ ಬರೆಯದೆ ತುಂಬಾ ದಿನವಾಯ್ತು. ಡೆಡ್‌ಲೈನು ಅಂತೆಲ್ಲ ನೆಪ ಹೇಳಲ್ಲ, ಸೋಮಾರಿತನ ಅಷ್ಟೆ. ಆದ್ರೆ ಮೊನ್ನೆ ಭಾನುವಾರ ಹೆಡ್‌ಫೋನ್ ಹಾಕ್ಕೊಂಡು ನಾಲ್ಕು ಗಂಟೆ ವಾಗ್ನರನ ‘ಪಾರ್ಸಿಫಾಲ್’ ಕೇಳಿದೆ. ಅದನ್ನು ಬರೆಯದೆ ಸಮಾಧಾನವಿಲ್ಲ.

ಈ ಆಪೆರಾ ಮೊದಲು ರಂಗಕ್ಕೆ ಬಂದಿದ್ದು 1882ರಲ್ಲಿ, ಬೈರಾಯ್ಟ್‌ನಲ್ಲಿ. ನಾನು ಕೇಳಿದ್ದು 2024ರಲ್ಲಿ ಸೋನಿಯವರು ಹೊರತಂದ ವಿಯೆನ್ನಾ ಸ್ಟೇಟ್ ಆಪೆರಾದ ರೆಕಾರ್ಡಿಂಗು. ಯೋನಾಸ್ ಕೌಫ್‌ಮನ್ ಪಾರ್ಸಿಫಾಲ್, ಎಲೀನಾ ಗರಾನ್ಚಾ ಕುಂಡ್ರಿ. ಹಾಡಿದ್ದು 2021ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದಾಗಿ ಪ್ರೇಕ್ಷಕರೇ ಇಲ್ಲದ ಥಿಯೇಟರಿನಲ್ಲಿ. ರಂಗನಿರ್ದೇಶಕ ಸೆರೆಬ್ರೆನ್ನಿಕೊವ್ ರಷ್ಯಾ ಬಿಟ್ಟು ಹೊರಡುವಂತಿರಲಿಲ್ಲ, ಮಾಸ್ಕೋದಿಂದಲೇ ಆನ್‌ಲೈನಿನಲ್ಲಿ ರಿಹರ್ಸಲ್ ಮಾಡಿಸಿದ. ಥೇಟ್ ನಮ್ಮ ವರ್ಕ್ ಫ್ರಂ ಹೋಮ್!

ವಾಗ್ನರ್ 1856ರಲ್ಲಿ ಬುದ್ಧನ ಶಿಷ್ಯ ಆನಂದ ಮತ್ತು ಚಂಡಾಲ ಹುಡುಗಿ ಪ್ರಕೃತಿಯ ಕಥೆ ಇಟ್ಟುಕೊಂಡು ಆಪೆರಾ ಬರೆಯಲು ಹೊರಟಿದ್ದ. ಮುಗಿಸಲಿಲ್ಲ. ಕುಂಡ್ರಿ ಜನ್ಮಜನ್ಮ ಅಲೆಯುವುದನ್ನು ಕೇಳಿದರೆ ಆ ಕಥೆ ನೆನಪಾಗುತ್ತೆ. ಇಡೀ ಆಪೆರಾದ ತಿರುಳು ಕರುಣೆ. ಆದ್ರೆ ಯೆಹೂದಿಗಳ ಮೇಲೆ ವಿಷ ಕಾರಿ ಬರೆದವನೂ ಇದೇ ವಾಗ್ನರ್. ಮೊದಲ ಪ್ರದರ್ಶನದ ವಾದ್ಯವೃಂದ ನಡೆಸಿದ ಹೆರ್ಮನ್ ಲೆವಿ ಒಬ್ಬ ರಬ್ಬಿಯ ಮಗ. ಕರುಣೆಯ ಬಗ್ಗೆ ಬರೆಯೋದು ಸುಲಭ ಅಂತ ಕಾಣುತ್ತೆ.

ಮೊದಲ ಅಂಕದಲ್ಲಿ ರಾಜ ಆಮ್‌ಫೋರ್ಟಾಸ್ ವಾಸಿಯಾಗದ ಗಾಯದಿಂದ ನರಳ್ತಾನೆ. ಪಾರ್ಸಿಫಾಲ್ ಸುಮ್ಮನೆ ನಿಂತು ನೋಡ್ತಾನೆ. ಏನು ನೋಡಿದೆ ಅಂತ ಕೇಳಿದ್ರೆ ಉತ್ತರವಿಲ್ಲ. ಹೊರಗೆ ದಬ್ಬುತ್ತಾರೆ. ಈ ಕಥೆಯ ಮೂಲ, ವೊಲ್ಫ್ರಾಮ್ ಬರೆದ 13ನೇ ಶತಮಾನದ ಕಾವ್ಯ. ಅದರಲ್ಲಿ ಹುಡುಗನ ತಪ್ಪು ಇನ್ನೂ ಸರಳ: ನೋವಿನಲ್ಲಿದ್ದವನನ್ನು ‘ಏನಾಗ್ತಿದೆ?’ ಅಂತ ಕೇಳಲಿಲ್ಲ.

ಇಲ್ಲಿ ನಾನು ಪಾಸ್ ಬಟನ್ ಒತ್ತಿದೆ.

ಅದೇ 2021ರ ಏಪ್ರಿಲ್. ಅಪ್ಪ ಊರಿನ ಆಸ್ಪತ್ರೆಯಲ್ಲಿ, ನಾನು ಬೆಂಗಳೂರಿನ ರೂಮಿನಲ್ಲಿ. ದಿನಕ್ಕೆ ಮೂರು ಸಲ ಫೋನು. ‘ಆಕ್ಸಿಜನ್ ಎಷ್ಟಪ್ಪಾ?’ ‘ತೊಂಬತ್ತೊಂದು.’ ‘ಜ್ವರ?’ ‘ನೂರಾ ಒಂದು.’ ಎಲ್ಲ ಎಕ್ಸೆಲ್ ಶೀಟಿಗೆ ಹಾಕಿ ಗ್ರಾಫ್ ಮಾಡಿದ್ದೆ. ಅದನ್ನು ನೋಡಿ ನಾನೇ ಧೈರ್ಯ ತಂದುಕೊಳ್ತಿದ್ದೆ. ಹದಿಮೂರು ದಿನದಲ್ಲಿ ಒಮ್ಮೆಯೂ ಬೇರೇನೂ ಕೇಳಲಿಲ್ಲ. ಅಪ್ಪ ಹುಷಾರಾಗಿ ಮನೆಗೆ ಬಂದ್ರು, ಶೀಟ್ ಕ್ಲೋಸ್ ಮಾಡಿದೆ.

ಮೂರನೇ ಅಂಕದಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ಪಾರ್ಸಿಫಾಲ್ ವಾಪಸ್ ಬರ್ತಾನೆ. ಕೇಳಿ ಮುಗಿಸಿ ಊರಿಗೆ ಫೋನ್ ಮಾಡಿದೆ.

‘ಅಪ್ಪಾ, ಆವಾಗ ಆಸ್ಪತ್ರೆಯಲ್ಲಿ ನಿಮಗೆ ಹೇಗನ್ನಿಸ್ತಿತ್ತು?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಪಕ್ಕದ ಹಾಸಿಗೆ ಖಾಲಿಯಾದ ರಾತ್ರಿ ತುಂಬ ಹೆದರಿಕೆಯಾಗಿತ್ತು ಕಣೋ. ನೀನು ಫೋನ್ ಮಾಡಿದ್ದೆ. ತೊಂಬತ್ಮೂರು ಅಂದೆ.’

ಆ ತೊಂಬತ್ಮೂರು ನನ್ನ ಶೀಟಿನಲ್ಲಿ ಈಗಲೂ ಇದೆ. ಹಸಿರು ಬಣ್ಣದಲ್ಲಿ.