ದ್ರಾಕ್ಷಾಸವವೂ ನನ್ನ ಪಾಂಡಿತ್ಯವೂ

ಗೃಹಿಣಿಯರೂ ಮಕ್ಕಳೂ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಆ ವಸ್ತುವಿನ ಹೆಸರೆತ್ತಿದರೆ ಅಜ್ಜಿಯು ಬಾಯಿ ಮುಕ್ಕಳಿಸಿಕೊಂಡು ಬಾ ಎನ್ನುತ್ತಿದ್ದಳು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ಈಚೆಗೆ ನಿವೃತ್ತನಾದ ನನ್ನ ನಾಲಗೆಗೆ ಇಂದಿಗೂ ಅದರ ರುಚಿ ತಿಳಿಯದು. ಹಾಗಿದ್ದೂ ಇದನ್ನು ಬರೆಯಲು ಕಾರಣ, ಕುಡಿಯದವನೊಬ್ಬನು ಕುಡಿಯುವವರಿಗೆ ಮಾಡಿದ ಅಪಕಾರ. ಆ ಕುಡಿಯದವನು ನಾನೇ.

ನಮ್ಮದು ಕಾರವಾರಕ್ಕೆ ಸಮೀಪದ ಊರು. ಬೀದಿಯ ಕೊನೆಯಲ್ಲಿ ನನ್ನ ಹಿರಿಯ ಮಿತ್ರರೊಬ್ಬರ ಮನೆ. ಗುಮಾಸ್ತರಾಗಿದ್ದು ವಿಶ್ರಾಂತಿ ಪಡೆದವರು. ತೆಂಗಿನ ತೋಟವಿತ್ತು, ಮಕ್ಕಳು ದೂರದೇಶದಲ್ಲಿ ಸಂಪಾದಿಸುತ್ತಿದ್ದರು, ಹಣಕ್ಕೆ ತೊಂದರೆಯಿರಲಿಲ್ಲ. ಬಲು ಸಜ್ಜನರು, ಯಕ್ಷಗಾನದ ಪ್ರಸಂಗಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು. ದಿನವೂ ದೀಪ ಹಚ್ಚಿದ ಮೇಲೆ ಎರಡು ದೊಡ್ಡ ಪೆಗ್ ಬ್ರಾಂದಿ ಅವರ ನಿಯಮ. ಅದಕ್ಕೆ ಹೆಚ್ಚಿಲ್ಲ, ಅದಕ್ಕೆ ಕಡಮೆಯಿಲ್ಲ. 2016ರ ಚೌತಿಯ ದಿನ, ಹೆಂಡತಿಯ ಕಣ್ಣೀರಿಗೆ ಸೋತು, ಬ್ರಾಂದಿಯನ್ನು ಬಿಟ್ಟೆನೆಂದು ಗಣಪತಿಯ ಮುಂದೆ ಮಾತು ಕೊಟ್ಟರು. ಸುಮಾರು ಎರಡು ತಿಂಗಳು ಆ ಮಾತು ನಡೆಯಿತು. ದೀಪಾವಳಿಗೆ, ಹಡಗಿನಲ್ಲಿ ಕೆಲಸಮಾಡುವ ಅವರ ಸೋದರಳಿಯನು ಊರಿಗೆ ಬಂದನು. ಪೋರ್ಚುಗಲ್ ದೇಶದ ಪೋರ್ಟ್ ಎಂಬ ದ್ರಾಕ್ಷಾಮದ್ಯದ ಸೀಸೆಯೊಂದನ್ನು ಮಾವನಿಗೆ ಕಾಣಿಕೆಯಾಗಿ ಕೊಟ್ಟನು.

ಮರುದಿನ ಸಂಜೆ ಮಿತ್ರರು ಸೀಸೆಯನ್ನು ಪಂಚೆಯ ಮರೆಯಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬಂದರು. "ಮಾಸ್ತರರೇ, ನಾನು ಬಿಟ್ಟದ್ದು ಬ್ರಾಂದಿಯನ್ನು. ಇದು ಬ್ರಾಂದಿಯೋ ಅಲ್ಲವೋ? ನೀವು ಓದಿದವರು, ನೀವು ಹೇಳಿದ ಹಾಗೆ" ಎಂದರು.

ಓದಿದವನೆಂದು ಕರೆಸಿಕೊಂಡ ಮೇಲೆ ಸುಮ್ಮನಿರುವ ಮಾಸ್ತರನನ್ನು ನಾನು ಕಂಡಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಬತ್ತುನಾಲ್ಕು ಆಸವಗಳನ್ನು ಎಣಿಸಿದೆಯೆಂದೆ. ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ದ್ರಾಕ್ಷೆಯ ರಸದಿಂದಾದುದನ್ನು ಮಧು ಎಂದು ಕರೆದು, ಕಪಿಶೀದೇಶದ್ದಕ್ಕೆ ಬೇರೆ ಹೆಸರನ್ನೇ ಹೇಳಿದ್ದಾನೆಂದೆ. ಆ ಹೆಸರನ್ನು ಸಾಧಿಸುವುದಕ್ಕೆ ಪಾಣಿನಿಯ ಸೂತ್ರವೊಂದು ಇದೆಯೆಂದೂ ಸೇರಿಸಿದೆ. ಕಷಾಯವನ್ನು ಹುಳಿಸಿದರೆ ಅರಿಷ್ಟ, ಕಾಯಿಸದೆ ಹುಳಿಸಿದರೆ ಆಸವ ಎಂಬ ಶಾರ್ಙ್ಗಧರನ ಲಕ್ಷಣವನ್ನು ವಿವರಿಸಿದೆ. "ಹುಳಿಸಿದ್ದು ಬೇರೆ, ಭಟ್ಟಿಯಿಳಿಸಿದ್ದು ಬೇರೆ. ಇದು ಬ್ರಾಂದಿಯಲ್ಲ, ದ್ರಾಕ್ಷಾಸವ" ಎಂದು ತೀರ್ಪು ಕೊಟ್ಟೆ. ಮಿತ್ರರ ಮುಖ ಅರಳಿತು. ನನ್ನದೂ ಅರಳಿರಬೇಕು.

ಶಿವರಾತ್ರಿ ಕಳೆದ ವಾರ ಅವರ ಪತ್ನಿ ನಮ್ಮ ಮನೆಗೆ ಬಂದರು. ಅವರನ್ನು ನಾನು ಅತ್ತಿಗೆಯವರೆಂದೇ ಕರೆಯುವುದು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಹೇಳಿದರು: "ಮಾಸ್ತರರೇ, ನೀವು ಅದನ್ನು ಔಷಧ ಎಂದಿರಂತೆ. ದಿನಕ್ಕೆ ಅರ್ಧ ಸೀಸೆ ಮುಗಿಯುತ್ತದೆ. ಅಳಿಯ ತಂದದ್ದು ತೀರಿತು, ಈಗ ಗೋವೆಯಿಂದ ಅದೇ ಬಗೆಯದನ್ನು ತರಿಸುತ್ತಾರೆ. ನಾನು ಓದಿದವಳಲ್ಲ. ಆದರೆ ಬ್ರಾಂದಿ ಕುಡಿಯುತ್ತಿದ್ದಾಗ ಕರೆದರೆ ಊಟಕ್ಕೆ ಎದ್ದು ಬರುತ್ತಿದ್ದರು. ಔಷಧ ಕುಡಿಯತೊಡಗಿದ ಮೇಲೆ ಏಳುವುದಿಲ್ಲ."

ಅತ್ತಿಗೆಯವರಿಗೆ ಉತ್ತರ ಹೇಳಲು ನನ್ನಲ್ಲಿ ಯಾವ ಸೂತ್ರವೂ ಇರಲಿಲ್ಲ. ಮಾರನೆಯ ದಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರರ ಬಳಿ ವಿದ್ಯಾರ್ಥಿಯಂತೆ ಕುಳಿತೆ. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನಗದೆ ಕಲಿಸಿದರು.

ಹಣ್ಣಿನ ರಸದಲ್ಲಿ ಸಕ್ಕರೆಯಿರುತ್ತದೆ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯು ಅದನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲವಾಯುವನ್ನೂ ಬಿಡುತ್ತದೆ. (ಕೌಟಿಲ್ಯನು ಸುರೆಗೆ ಹಾಕುವ ಬೀಜವನ್ನು ಕಿಣ್ವವೆಂದಿದ್ದಾನೆ, ಆ ಹೆಸರನ್ನು ಈಗಿನ ವಿಜ್ಞಾನದವರು ಬೇರೊಂದಕ್ಕೆ ಕೊಟ್ಟುಬಿಟ್ಟಿದ್ದಾರೆ.) ಆದರೆ ತಾನು ಮಾಡಿದ ಮದ್ಯಸಾರವೇ ಆ ಜೀವಿಗೆ ವಿಷ. ನೂರಕ್ಕೆ 15 ಪಾಲಿನ ಸುಮಾರಿಗೆ ಬಂದಾಗ ಅದು ಸೋಲುತ್ತದೆ. ಆದಕಾರಣ ಬರಿಯ ಹುಳಿಸುವಿಕೆಯಿಂದ ಹುಟ್ಟಿದ ಯಾವ ಮದ್ಯವೂ ಆ ಗಡಿಯನ್ನು ಬಹಳ ದಾಟಲಾರದು. ಹೆಂಡವಿರಲಿ, ದ್ರಾಕ್ಷಾಮದ್ಯವಿರಲಿ, ನಮ್ಮ ವೈದ್ಯರ ಅರಿಷ್ಟವಿರಲಿ, ಪ್ರಕೃತಿಯೇ ಅಲ್ಲಿ ಒಂದು ಬೇಲಿಯನ್ನು ಹಾಕಿದೆ.

ಆ ಬೇಲಿಯನ್ನು ದಾಟಿಸುವುದು ಭಟ್ಟಿ. ಅದನ್ನು ಕಣ್ಣಾರೆ ನೋಡಬೇಕೆಂದು ವಿಜ್ಞಾನದ ಮಾಸ್ತರರು ಬೇಸಗೆಯ ರಜೆಯಲ್ಲಿ ನನ್ನನ್ನು ಗಡಿಯಾಚೆ ಗೋವೆಯ ಕಾಣಕೋಣ ತಾಲೂಕಿನ ಹಳ್ಳಿಯೊಂದಕ್ಕೆ ಕರೆದೊಯ್ದರು. ಗೇರುಹಣ್ಣಿನ ಕಾಲ. ಗುಡ್ಡದ ಮೇಲೆ ಬಂಡೆಯಲ್ಲಿ ಕಡೆದ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿಯುತ್ತಿದ್ದರು. ಹುಳಿತ ರಸವನ್ನು ಹಂಡೆಗೆ ಸುರಿದು ಬಾಯಿ ಮುಚ್ಚಿ ಸೌದೆಯ ಉರಿ ಕೊಟ್ಟಿದ್ದರು. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಮದ್ಯಸಾರ 78 ಡಿಗ್ರಿಯಲ್ಲಿ. ಆದ್ದರಿಂದ ಮೊದಲು ಏಳುವ ಹಬೆಯಲ್ಲಿ ಮದ್ಯಸಾರವೇ ಹೆಚ್ಚು. ಆ ಹಬೆಯು ಕೊಳವೆಯಲ್ಲಿ ಹಾದು ತಣ್ಣಗಾಗಿ ಪಾತ್ರೆಗೆ ತೊಟ್ಟಿಕ್ಕುತ್ತದೆ. ಮೊದಲ ಸಲ ಇಳಿದುದು ಉರಾಕ್. ಮತ್ತೊಮ್ಮೆ ಇಳಿಸಿದರೆ ಫೆನಿ. ಅದರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಮದ್ಯಸಾರ.

ನನಗೆ ಅಚ್ಚರಿಯಾದುದು ಬೇರೆ. ಹಂಡೆಗೆ ಹೋದದ್ದು ಹಳದಿಯ ಬಣ್ಣದ ಕದಡಿದ ರಸ. ಹೊರಗೆ ಬಂದದ್ದು ತುಂಬೆಹೂವಿನಂತೆ ನಿರ್ಮಲ. ಬಣ್ಣ, ಒಗರು, ಉಳಿದ ಅಲ್ಪಸ್ವಲ್ಪ ಸಿಹಿ ಎಲ್ಲವೂ ಹಂಡೆಯ ತಳದಲ್ಲಿ. ಸಕ್ಕರೆಯು ಹಬೆಯಾಗಿ ಏಳಲಾರದಷ್ಟೆ. ಬ್ರಾಂದಿಯೂ ಹೀಗೆಯೇ. ದ್ರಾಕ್ಷಾಮದ್ಯವನ್ನು ಭಟ್ಟಿಯಿಳಿಸಿದಾಗ ಅದು ನೀರಿನ ಬಣ್ಣದ್ದು; ಆ ಹೊಂಬಣ್ಣ ಬಂದುದು ಓಕ್ ಮರದ ಪೀಪಾಯಿಯಿಂದ, ಅಥವಾ ಸುಟ್ಟ ಸಕ್ಕರೆಯಿಂದ.

ನಮ್ಮ ಹಳ್ಳಿಯ ಜನ ಈ ಭೇದವನ್ನು ಎಂದೋ ತಿಳಿದಿದ್ದರು. ಹುಳಿತದ್ದು ಹೆಂಡ, ಇಳಿಸಿದ್ದು ಸಾರಾಯಿ. ಒಂದಕ್ಕೆ ಇನ್ನೊಂದರ ಹೆಸರು ಹೇಳುವವರಿಲ್ಲ. 2007ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತು, ಮಾತು ಉಳಿಯಿತು. ಅಮರಸಿಂಹನಾದರೋ ಎರಡನೆಯ ಕಾಂಡದಲ್ಲಿ ಸುರೆ, ಮದಿರೆ, ಕಾದಂಬರಿ, ಪ್ರಸನ್ನೆಗಳನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿದ್ದಾನೆ. ಬಾಲ್ಯದಲ್ಲಿ ಕೋಶವನ್ನು ಉರುಹೊಡೆದವನಿಗೆ ಪರ್ಯಾಯಪದಗಳು ಬರುತ್ತವೆ, ಪದಾರ್ಥ ಬರಬೇಕೆಂಬ ನಿಯಮವಿಲ್ಲ.

ಹಾಗಾದರೆ ಪೋರ್ಟ್ ಯಾವುದು? ಹೆಂಡದ ಜಾತಿಯೋ ಸಾರಾಯಿಯ ಜಾತಿಯೋ? ಇಲ್ಲಿಯೇ ನಾನು ಎಡವಿದ್ದು.

ಪೋರ್ಚುಗಲ್ಲಿನ ಉತ್ತರದಲ್ಲಿ ಡೋರೊ ಎಂಬ ನದಿ. ಅದರ ಕಡಿದಾದ ದಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷೆಯ ತೋಟಗಳು. 1756ರಲ್ಲಿಯೇ ಅಲ್ಲಿನ ಸರಕಾರವು ಆ ಸೀಮೆಗೆ ಎಲ್ಲೆಯನ್ನು ಗೊತ್ತುಮಾಡಿತು. ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ಹಗೆ ಬೆಳೆದು ಫ್ರಾನ್ಸಿನ ಮದ್ಯ ದೊರೆಯದಾದಾಗ ಇಂಗ್ಲಿಷ್ ವರ್ತಕರು ಈ ಕಡೆಗೆ ತಿರುಗಿದರು. 1703ರ ಮೆಥ್ಯೂಯೆನ್ ಒಪ್ಪಂದದಿಂದ ಸುಂಕವೂ ಕಡಮೆಯಾಯಿತು. ಸಮುದ್ರಯಾನದಲ್ಲಿ ಕೆಡದಿರಲೆಂದು ಪೀಪಾಯಿಗೆ ಸ್ವಲ್ಪ ಬ್ರಾಂದಿಯನ್ನು ಬೆರೆಸುತ್ತಿದ್ದರು. ಮುಂದೆ ಅದೇ ಕ್ರಮವಾಯಿತು. ಬೆರೆಸುವ ಕಾಲ ಮಾತ್ರ ಹಿಂದಕ್ಕೆ ಸರಿಯಿತು. ಈಗ ರಸವು ಇನ್ನೂ ಹುಳಿಯುತ್ತಿರುವಾಗಲೇ, ಸಕ್ಕರೆಯ ಅರ್ಧದಷ್ಟು ಉಳಿದಿರುವಾಗಲೇ, ನೂರಕ್ಕೆ 77 ಪಾಲು ಬಲವುಳ್ಳ ದ್ರಾಕ್ಷೆಯ ಭಟ್ಟಿಸಾರವನ್ನು ಅದಕ್ಕೆ ಸುರಿಯುತ್ತಾರೆ. ಯೀಸ್ಟು ಸಾಯುತ್ತದೆ, ತಿನ್ನದೆ ಬಿಟ್ಟ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಪೋರ್ಟಿನ ಸಿಹಿ ಬಂದುದು ಹೀಗೆ. ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ.

ಸ್ಪೇಯ್ನಿನ ಶೆರ್ರಿಗೆ ಸಕ್ಕರೆಯೆಲ್ಲ ತೀರಿದ ಮೇಲೆ ಸಾರವನ್ನು ಬೆರೆಸುತ್ತಾರಾದ್ದರಿಂದ ಅದರಲ್ಲಿ ಸಿಹಿಯಿಲ್ಲದ ಬಗೆಗಳಿವೆ. ಮಡೀರ ದ್ವೀಪದವರು ಬೆರೆಸಿದ್ದನ್ನು ಬಿಸಿಯಲ್ಲಿಟ್ಟು ಹಣ್ಣುಮಾಡುತ್ತಾರೆ. ಇವೆಲ್ಲ ಒಂದೇ ಕುಲ: ತಾವು ಭಟ್ಟಿಗೆ ಹೋಗಲಿಲ್ಲ, ಭಟ್ಟಿಯೇ ಇವುಗಳೊಳಗೆ ಬಂದಿತು.

ವಿಜ್ಞಾನದ ಮಾಸ್ತರರು ಕಾಗದದ ಮೇಲೆ ಲೆಕ್ಕ ಮಾಡಿಸಿದರು. ಡೋರೊದ ರೂಢಿಯ ಪೀಪಾಯಿ 550 ಲೀಟರು. ಅದರಲ್ಲಿ ಹುಳಿಯುತ್ತಿರುವ ರಸ 435, ಬೆರೆಸಿದ ಸಾರ 115. ಬೆರೆಸುವ ಹೊತ್ತಿಗೆ ರಸದಲ್ಲಿ ತನ್ನಷ್ಟಕ್ಕೆ ಹುಟ್ಟಿದ ಮದ್ಯಸಾರ ನೂರಕ್ಕೆ 6 ಎಂದು ಹಿಡಿದರೆ 26 ಲೀಟರು. ಭಟ್ಟಿಯಿಂದ ಬಂದುದು 88 ಲೀಟರು. ನಾನು ಎರಡು ಸಲ ಗುಣಿಸಿ ನೋಡಿದೆ. ಪೋರ್ಟಿನ ಸೀಸೆಯೊಳಗಿನ ಮದ್ಯಸಾರದಲ್ಲಿ ಸುಮಾರು ಮುಕ್ಕಾಲು ಪಾಲು ಭಟ್ಟಿಯಿಳಿಸಿದ್ದೇ! ಬ್ರಾಂದಿಯಲ್ಲವೆಂದು ನಾನು ಪಾಣಿನಿಯನ್ನು ಸಾಕ್ಷಿಗೆ ಕರೆದಿದ್ದೆ.

ಇನ್ನೊಂದು ಲೆಕ್ಕ ಉಳಿದಿತ್ತು. ಅದನ್ನು ಮನೆಯಲ್ಲಿ ಒಬ್ಬನೇ ಮಾಡಿದೆ. ಎರಡು ದೊಡ್ಡ ಪೆಗ್ ಎಂದರೆ 120 ಮಿಲಿಲೀಟರ್ ಬ್ರಾಂದಿ. ನಮ್ಮ ದೇಶದ ಬ್ರಾಂದಿಯ ಬಲ ರೂಢಿಯಲ್ಲಿ ನೂರಕ್ಕೆ 42.8, ಮದ್ಯಸಾರ 51 ಮಿಲಿಲೀಟರ್. ಪೋರ್ಟಿನ ಸೀಸೆ 750, ಅರ್ಧವೆಂದರೆ 375. ಮಿತ್ರರ ಸೀಸೆಯ ಮೇಲಿದ್ದ ಅಂಕಿ 20. ಮದ್ಯಸಾರ 75 ಮಿಲಿಲೀಟರ್. ಎರಡು ಪೆಗ್ಗಿನವರು ಮೂರು ಪೆಗ್ಗಿನವರಾಗಿದ್ದರು, ಬ್ರಾಂದಿಯನ್ನು ಬಿಟ್ಟು. ಸಿಹಿಯು ಉರಿಯನ್ನು ಮುಚ್ಚಿತ್ತು. ಹೆಸರು ಭಯವನ್ನು ಮುಚ್ಚಿತ್ತು. ಅತ್ತಿಗೆಯವರು ಗುಣಾಕಾರವಿಲ್ಲದೆ ಕಂಡುಕೊಂಡದ್ದು ಇದನ್ನೇ.

ಆ ರಾತ್ರಿ ಶಾರ್ಙ್ಗಧರಸಂಹಿತೆಯನ್ನು ತೆಗೆದೆ. ಆಸವಾರಿಷ್ಟಗಳ ಲಕ್ಷಣ ಹೇಳುವ ಶ್ಲೋಕಕ್ಕೆ ನಾಲ್ಕು ಪಾದಗಳು. ಮೊದಲ ಮೂರರಲ್ಲಿ ಆಸವ ಯಾವುದು, ಅರಿಷ್ಟ ಯಾವುದು ಎಂಬುದು. ನಾಲ್ಕನೆಯದರಲ್ಲಿ ಎರಡರ ಪ್ರಮಾಣವೂ ಒಂದು ಪಲವೆಂಬುದು. ಒಂದು ಪಲವೆಂದರೆ ನಾಲ್ಕು ತೊಲ, ಐವತ್ತು ಗ್ರಾಮಿಗೂ ಕಡಮೆ. ಜಗಲಿಯ ಮೇಲೆ ಕುಳಿತು ನಾನು ಮೂರು ಪಾದಗಳಿಗೆ ಅರ್ಥ ಹೇಳಿದ್ದೆ. ನಾಲ್ಕನೆಯದು ನನಗೆ ಮರೆತಿರಲಿಲ್ಲ. ಆ ಹೊತ್ತಿಗೆ ಬೇಕಾಗಿರಲಿಲ್ಲ, ಅಷ್ಟೆ.

ಮರುದಿನ ಬೆಳಗ್ಗೆಯೇ ಲೆಕ್ಕದ ಚೀಟಿಯನ್ನು ಹಿಡಿದು ಮಿತ್ರರಲ್ಲಿಗೆ ಹೋದೆ. ನನ್ನ ತಪ್ಪನ್ನು ಹೇಳಿಕೊಂಡೆ. ಅವರು ಚೀಟಿಯನ್ನು ದೂರಹಿಡಿದು ಸಾವಕಾಶವಾಗಿ ಓದಿದರು. ಸಿಟ್ಟಾಗುವರೆಂದುಕೊಂಡಿದ್ದೆ; ನಕ್ಕರು. "ಅಶ್ವತ್ಥಾಮನ ಸಂಗತಿಯಾಯಿತಲ್ಲ, ಮಾಸ್ತರರೇ! ಆನೆಯೆಂಬ ಮಾತನ್ನು ಇಷ್ಟು ಮೆಲ್ಲಗೆ ಹೇಳುವುದೇ?" ಎಂದರು. ಒಳಗೆ ಹೋಗಿ, ಇದ್ದ ಸೀಸೆಯನ್ನು ತಂದು ಅಂಗಳದ ಬಾಳೆಯ ಬುಡಕ್ಕೆ ಸುರಿದರು. ಆ ದಿನದಿಂದ ಅವರು ಏನನ್ನೂ ಕುಡಿಯಲಿಲ್ಲ. ಅದನ್ನು ನಾನು ಬಲ್ಲೆ.

ಮರುವರ್ಷದ ಮಳೆಗಾಲದಲ್ಲಿ ಅವರಿಗೆ ಕಾಮಾಲೆಯಾಯಿತು. ಯಕೃತ್ತಿನ ರೋಗವು ಬಹುಕಾಲದಿಂದ ಒಳಗೆ ಬೆಳೆದುಕೊಂಡು ಬಂದದ್ದು ಎಂದು ವೈದ್ಯರು ಹೇಳಿದರು. ರಕ್ತದಲ್ಲಿ ಸಕ್ಕರೆಯೂ ಏರಿತ್ತು. ಬಹುಕಾಲದಿಂದ ಎಂಬ ಮಾತನ್ನು ಮಿತ್ರರು ನನ್ನ ಮುಖ ನೋಡಿಕೊಂಡೇ ಎರಡು ಸಲ ಹೇಳಿದರು. ನನ್ನನ್ನು ಸಮಾಧಾನಗೊಳಿಸುವುದಕ್ಕೆ. ಆ ಬಹುಕಾಲದಲ್ಲಿ ನನ್ನ ದ್ರಾಕ್ಷಾಸವದ ಆರು ತಿಂಗಳ ಪಾಲೆಷ್ಟು ಎಂದು ನಾನು ವೈದ್ಯರನ್ನು ಕೇಳಲಿಲ್ಲ. 2019ರಲ್ಲಿ ಅವರು ತೀರಿಕೊಂಡರು.

ಕಳೆದ ಚಳಿಗಾಲದಲ್ಲಿ ಅತ್ತಿಗೆಯವರಿಗೆ ಕೆಮ್ಮು ಹಿಡಿಯಿತು. ಆಯುರ್ವೇದದ ವೈದ್ಯರು ದ್ರಾಕ್ಷಾರಿಷ್ಟವನ್ನು ಬರೆದುಕೊಟ್ಟರು. ಅಂಗಡಿಯಿಂದ ತಂದ ಸೀಸೆಯನ್ನು ಅವರು ನೇರವಾಗಿ ನಮ್ಮ ಜಗಲಿಗೆ ತಂದು ನನ್ನ ಕೈಗಿಟ್ಟರು. "ಇದರ ಮೇಲೆ ಏನಿದೆ, ಪೂರ್ತಿ ಓದಿ ಹೇಳಿ, ಮಾಸ್ತರರೇ" ಎಂದರು. ನಾನು ಕನ್ನಡಕವನ್ನು ಒರೆಸಿಕೊಂಡೆ. ಒಣದ್ರಾಕ್ಷಿ, ಬೆಲ್ಲ, ಧಾತಕೀಪುಷ್ಪ ಎಂದು ಒಂದೊಂದನ್ನೂ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರದ ಪ್ರಮಾಣವಿತ್ತು, ಅದನ್ನೂ ಓದಿದೆ. ಊಟವಾದ ಮೇಲೆ ಮೂರು ಚಮಚ, ಅಷ್ಟೇ ನೀರಿನೊಡನೆ ಎಂಬುದನ್ನು ಎರಡು ಸಲ ಓದಿದೆ. ಅವರು ತಲೆಯಾಡಿಸಿ, ಸೀಸೆಯನ್ನು ತೆಗೆದುಕೊಂಡು, ಈ ಸಲ ಮಜ್ಜಿಗೆಯನ್ನು ಕುಡಿದು ಹೋದರು.